ಗ್ಲೇಜ್ (ಗಾಜಿನಂಥ ಲೇಪ) ಹಚ್ಚದ ಜಪಾನಿ ಮಡಕೆಯಲ್ಲಿ ಏನು ನೋಡಬೇಕು?

ಪ್ರಶ್ನೆ: ಜಪಾನಿನಲ್ಲಿ ಕಟ್ಟಿಗೆ ಉರಿಯಲ್ಲಿ ಸುಟ್ಟ ಮಡಕೆಗಳ ಫೋಟೊ ನೋಡಿದೆ. ಒಂದು ಕಡೆ ಕರಕಲು, ಇನ್ನೊಂದು ಕಡೆ ಕೆಂಪು, ಆಕಾರವೂ ಸೊಟ್ಟ. ಸುಡುವಾಗ ಕೆಟ್ಟುಹೋದ ಹಾಗಿದೆ. ಇದರಲ್ಲಿ ಚೆಂದ ಎಲ್ಲಿದೆ?

ಉತ್ತರ: ಮೊದಲು ಬೆಂಕಿ ಯಾವ ಕಡೆಯಿಂದ ಬಂತು ಅಂತ ಹುಡುಕಿ. ಅದು ಗೊತ್ತಾದರೆ ಉಳಿದದ್ದನ್ನು ಮಡಕೆಯೇ ತೋರಿಸುತ್ತದೆ.

ಶಿಗರಾಕಿ ಅನ್ನುವ ಕುಂಬಾರಿಕೆಯ ಊರಿನ ಹಳೇ ಜಾಡಿಯೊಂದನ್ನು ನೋಡೋಣ. ಅದನ್ನು ಸುಟ್ಟದ್ದು ಅನಗಾಮದಲ್ಲಿ. ಇಳಿಜಾರಿನಲ್ಲಿ ಕಟ್ಟಿದ, ಸುರಂಗದಂಥ ಆವಿಗೆ ಅದು. ಕೆಳಗಿನ ಬಾಯಿಂದ ಹಗಲೂ ರಾತ್ರಿ ಕಟ್ಟಿಗೆ ಒಟ್ಟುತ್ತಾರೆ. ಉರಿಯ ಜೊತೆ ಹಾರುವ ಬೂದಿ ಜಾಡಿಯ ಹೆಗಲ ಮೇಲೆ ಕೂರುತ್ತದೆ. ಶಾಖ 1200 ಡಿಗ್ರಿ ದಾಟಿದ ಮೇಲೆ ಅದು ಮಣ್ಣಿನ ಸಿಲಿಕಾ ಜೊತೆ ಕರಗಿ ಗಾಜಾಗುತ್ತದೆ, ಹೊಟ್ಟೆಯ ಮೇಲೆ ಹಸಿರಾಗಿ ಇಳಿಯುತ್ತದೆ. ಈ ಹಸಿರಿಗೆ 'ಬಿಡೊರೊ' ಅಂತಾರೆ. ಗಾಜಿಗೆ ಪೋರ್ಚುಗೀಸರು ಹೇಳುವ ಮಾತಿನಿಂದ ಬಂದ ಹೆಸರು. ಬೂದಿ ಅಷ್ಟಾಗಿ ಬೀಳದೆ ಉರಿ ಮಾತ್ರ ನೆಕ್ಕಿದ ಕಡೆ ಮಣ್ಣು ಕೆಂಪೇರುತ್ತದೆ. ಮೈಮೇಲಿನ ಬಿಳಿ ಕಾಳುಗಳು ಮಣ್ಣಿನಲ್ಲೇ ಇದ್ದ ಕಲ್ಲಿನ ಚೂರುಗಳು.

ಈಗ ಆಕಾರಕ್ಕೆ ಬನ್ನಿ. ಹೆಗಲು ಅಗಲವಿದ್ದರೆ ಬೂದಿ ನಿಲ್ಲುತ್ತದೆ. ಹೊಟ್ಟೆ ಉಬ್ಬಿ ಒಳಗೆ ತಿರುಗಿದ್ದರೆ ಹನಿ ಅಲ್ಲೇ ತಡೆದು ದಪ್ಪಗಾಗುತ್ತದೆ. ಅಂದರೆ ಬಣ್ಣ ಎಲ್ಲಿ ಕೂರಬೇಕು ಅನ್ನುವುದರಲ್ಲಿ ಆಕಾರದ ಪಾಲೂ ಇದೆ. ನನಗಂತೂ ಬೂದಿ ಜಾಸ್ತಿ ಸುರಿದು ಆಕಾರವೇ ಮುಚ್ಚಿಹೋದ ಮಡಕೆ ರುಚಿಸುವುದಿಲ್ಲ.

'ಉಜುಕುಮಾರು' ಅನ್ನುವ ಪುಟ್ಟ ಜಾಡಿಗಳನ್ನು ನೋಡಿ. ಹೆಸರಿನ ಅರ್ಥ ಕುಕ್ಕರುಗಾಲಲ್ಲಿ ಕೂತದ್ದು ಅಂತ. ಕುತ್ತಿಗೆ ಗಿಡ್ಡ, ಹೆಗಲು ದುಂಡು. ಚಳಿಗೆ ಮಂಡಿ ತಬ್ಬಿ ಕೂತ ಮನುಷ್ಯನ ಹಾಗೇ ಇದೆ, ಅಲ್ವಾ? ರೈತರ ಮನೆಯ ಇಂಥ ಜಾಡಿಗಳನ್ನೇ ಜಪಾನಿನ ಚಹಾ ಕೂಟ ನಡೆಸುವ ಗುರುಗಳು ಮುಂದೆ ಹೂದಾನಿ ಮಾಡಿಕೊಂಡರು.

ಬಿಜೆನ್ ಅನ್ನುವ ಇನ್ನೊಂದು ಕುಂಬಾರಿಕೆಯ ಊರಿನದು ಬೇರೆ ಸೊಗಸು. ಅಲ್ಲಿ ಬೂದಿಯ ಚುಕ್ಕೆಗಳಿಗೆ 'ಗೊಮ', ಅಂದರೆ ಎಳ್ಳು, ಅಂತಲೇ ಹೆಸರು. ಭತ್ತದ ಹುಲ್ಲು ಸುತ್ತಿ ಸುಟ್ಟರೆ ಹುಲ್ಲು ತಾಗಿದ ಕಡೆಯೆಲ್ಲ ಕೆಂಪು ಗೆರೆ ಮೂಡುತ್ತದೆ. ಹುಲ್ಲಿನ ಪೊಟ್ಯಾಶಿಯಂ ಮಣ್ಣಿನ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು.

ಹಾಗಂತ ಎಲ್ಲ ಬಿರುಕೂ ಚೆಂದವಲ್ಲ. ಟೋಕಿಯೊದ ಗೊತೊ ಮ್ಯೂಸಿಯಂನಲ್ಲಿ ಇಗಾ ಅನ್ನುವ ಊರಿನಲ್ಲಿ ಮಾಡಿದ ನೀರಿನ ಪಾತ್ರೆಯೊಂದಿದೆ. ಹೆಸರು 'ಯಾಬುರೆಬುಕುರೊ', ಹರಿದ ಚೀಲ. ತಳದ ಹತ್ತಿರ ದೊಡ್ಡ ಬಿರುಕುಗಳಿವೆ. ಆದರೆ ಪಾತ್ರೆಯ ಕೆಳಭಾಗ ಭಾರಕ್ಕೆ ಜಗ್ಗಿ ಕೂತಂತಿದೆ, ಬಿರುಕು ಆ ಜಗ್ಗಿನಿಂದಲೇ ಬಾಯಿಬಿಟ್ಟಂತಿದೆ. ಸುಮ್ನೆ ಒಡೆದ ಮಡಕೆಯಲ್ಲಿ ಈ ಹೊಂದಿಕೆ ಸಿಗುವುದಿಲ್ಲ.

ಫೋಟೊದಲ್ಲಿ ಸಿಗದ ಇನ್ನೊಂದು ಸಂಗತಿ ನೀರು. ಹೂ ಇಡುವ ಮೊದಲು ಇಂಥ ಹೂದಾನಿಯ ಮೈಯನ್ನು ಚೆನ್ನಾಗಿ ಒದ್ದೆ ಮಾಡುತ್ತಾರೆ. ಒಣಗಿದ್ದಾಗ ಮಂಕಾಗಿದ್ದ ಕೆಂಪು ಆಗ ಗಾಢವಾಗಿ ಮೇಲೆದ್ದು ಬರುತ್ತದೆ.