ವಾಚಿನ ಹಸಿರು ಬೆಳಕು ರಕ್ತ ಸುಡುವುದಿಲ್ಲ

ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ಬಹಳ ಮಂದಿಯ ಕೈಯಲ್ಲಿ ಈಗ ಸ್ಮಾರ್ಟ್‌ವಾಚ್ ಇದೆ. ನಮ್ಮ ಓಣಿಯ ಹಿರಿಯರೊಬ್ಬರು ಮೊನ್ನೆ ಹೇಳಿದರು: "ವಾಕಿಂಗಿಗೆ ಅಷ್ಟೇ ಕಟ್ಟಿಕೊಳ್ತೀನ್ರಿ. ರಾತ್ರಿ ಬಿಚ್ಚಿಡ್ತೀನಿ. ಹಿಂದೆ ಹಸಿರು ಲೈಟ್ ಉರಿತತಿ ನೋಡ್ರಿ, ಅದು ರಕ್ತ ಸುಡ್ತತಂತೆ." ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಮಾತು. ನನಗೆ ತುಂಬಾ ಬೇಸರವಾಯಿತು. ಆ ವಾಚಿನಲ್ಲಿ ಇರುವುದರಲ್ಲೆಲ್ಲ ಚೆಂದದ್ದು ನಾಡಿಬಡಿತ ಎಣಿಸುವ ಆ ಹಸಿರು ಬೆಳಕೇ.

ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ಹಸಿರೂ ಇತ್ತಲ್ಲ, ಅದೆಲ್ಲಿ ಹೋಯಿತು? ರಕ್ತದ ಹಿಮೋಗ್ಲೋಬಿನ್ ನುಂಗಿತು. ಹಿಮೋಗ್ಲೋಬಿನ್‌ಗೆ ಹಸಿರೆಂದರೆ ಅಷ್ಟು ಹಸಿವು. ಕೆಂಪನ್ನು ಬಹುಪಾಲು ಹಾಗೇ ಬಿಟ್ಟುಬಿಡುತ್ತದೆ. ಅದಕ್ಕೇ ವಾಚು ಸುಮಾರು 530 ನ್ಯಾನೋಮೀಟರ್ ತರಂಗಾಂತರದ ಹಸಿರು ಎಲ್‌ಇಡಿ ಬೆಳಕನ್ನು ಚರ್ಮಕ್ಕೆ ಬಿಡುತ್ತದೆ, ತಿರುಗಿ ಬಂದಷ್ಟನ್ನು ಪಕ್ಕದ ಫೋಟೋಡಯೋಡ್ ಎಂಬ ಬೆಳಕಿನ ಸೆನ್ಸರ್ ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತದೆ. ಹೃದಯ ಒತ್ತಿದಾಗ ಚರ್ಮದಡಿಯ ಸಣ್ಣ ನಾಳಗಳು ತುಂಬುತ್ತವೆ, ಬೆಳಕು ಮಂಕಾಗುತ್ತದೆ. ಸಡಿಲಿಸಿದಾಗ ಮತ್ತೆ ಹೆಚ್ಚುತ್ತದೆ. ಗಾಜಿನ ಲೋಟಕ್ಕೆ ಟೀ ತುಂಬಿದಷ್ಟೂ ಹಿಂದಿನ ದೀಪ ಮಬ್ಬಾಗುವುದಿಲ್ಲವೇ, ಹಾಗೆ. ಭದ್ರಾ ನಾಲೆಯ ಕೊನೆಭಾಗದ ರೈತನನ್ನು ನೆನೆಯಿರಿ. ಮೇಲಿನ ಗೇಟು ಅವನಿಗೆ ಕಾಣುವುದಿಲ್ಲ. ತನ್ನ ತೂಬಿನ ಹತ್ತಿರ ನೀರು ಏರಿದ್ದನ್ನು ನೋಡಿ ಗೇಟು ಎತ್ತಿದ್ದಾರೆ ಎನ್ನುತ್ತಾನೆ. ವಾಚೂ ನಾಲೆಯ ಕೊನೆಯಲ್ಲೇ ಕೂತಿದೆ.

ನಾಡಿಬಡಿತಕ್ಕೆ ಗಡಿಯಾರ ಕಟ್ಟುವ ಆಸೆ ಹಳೆಯದು. 1600ರ ದಶಕದ ಆರಂಭದಲ್ಲೇ ಇಟಲಿಯ ವೈದ್ಯ ಸಾಂಟೋರಿಯೋ ಲೋಲಕ ತೂಗಿಬಿಟ್ಟು, ಅದು ರೋಗಿಯ ನಾಡಿಯ ಜೊತೆಗೇ ತೂಗುವವರೆಗೆ ದಾರದ ಉದ್ದ ಹೊಂದಿಸುತ್ತಿದ್ದ. ದಾರದ ಉದ್ದವೇ ನಾಡಿಯ ಅಳತೆ! 1707ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಫ್ಲೋಯರ್ ಸರಿಯಾಗಿ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿಕೊಂಡಿದ್ದ. ಬೆಳಕಿನಿಂದ ರಕ್ತದ ಏರಿಳಿತ ಅಳೆಯುವ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಬೆಳೆಸಿದರು. ನಮ್ಮ ಹಿರಿಯರ ಕೈಯಲ್ಲಿರುವುದು ಅದೇ ವಿಧಾನ. ಹಸಿರು ಬೆಳಕು ಬಿಸಿಲಿನಲ್ಲೂ ಇದೆ, ಎಕ್ಸ್-ರೇಯ ಶಕ್ತಿ ಅದಕ್ಕಿಲ್ಲ, ಸುಡುವಷ್ಟು ಬಿಸಿ ಈ ಪುಟ್ಟ ಎಲ್‌ಇಡಿಯಿಂದ ಹುಟ್ಟುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ನೂರು ರೂಪಾಯಿಯಷ್ಟು ಬೆಳಕು ತಿರುಗಿ ಬಂದರೆ ಅದರಲ್ಲಿ ನಾಡಿಯ ಏರಿಳಿತದ ಪಾಲು ರೂಪಾಯಿಯೋ ಎರಡು ರೂಪಾಯಿಯೋ. ಕೈ ಬೀಸಿ ನಡೆದರೆ ವಾಚು ಅಲುಗುತ್ತದೆ, ನಾಳದ ರಕ್ತವೂ ತುಳುಕುತ್ತದೆ. ನಮ್ಮೂರಿನ ಹಳೆಯ ಹತ್ತಿ ಗಿರಣಿಯ ಮಗ್ಗಗಳ ನಡುವೆ ನಿಂತು ಪಿಸುಮಾತು ಕೇಳಿಸಿಕೊಂಡಂತೆ ಅದರ ಪಾಡು. ಕೈಯ ಚಲನೆ ಅಳೆಯುವ ಇನ್ನೊಂದು ಸೆನ್ಸರ್ ಇಟ್ಟು ಆ ಗದ್ದಲವನ್ನು ಕಳೆಯುತ್ತಾರೆ. ಆದರೂ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ನಾಡಿ ಎಂದುಕೊಂಡು, ನಿಮಿಷಕ್ಕೆ 120 ಹೆಜ್ಜೆ ಹಾಕುವವರಿಗೆ 120 ಎಂದೇ ತೋರಿಸಿಬಿಡುತ್ತದೆ. ಪಟ್ಟಿ ಸಡಿಲವಿದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ ಇನ್ನೂ ಕಷ್ಟ.

ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಅಷ್ಟನ್ನೂ ಎಲ್ಲ ವಾಚು ಎಣಿಸುವುದಿಲ್ಲ. ಬ್ಯಾಟರಿ ಉಳಿಸಲು ಎಷ್ಟೋ ವಾಚುಗಳು ಕೆಲವು ನಿಮಿಷಕ್ಕೊಮ್ಮೆ ಕಣ್ಣು ತೆರೆದು ನೋಡುತ್ತವೆ. ಕೈ ಅಲುಗದ ನಿದ್ದೆಯಲ್ಲಿ ಅವಕ್ಕೆ ನಾಡಿ ಸ್ಪಷ್ಟವಾಗಿ ಕಾಣುತ್ತದೆ. ಹಿರಿಯರು ಬಿಚ್ಚಿಡುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ!

ವಾಚು ಸರಿ ತೋರಿಸಿದರೆ ಹೃದಯವೂ ಸರಿ ಎಂಬ ಇನ್ನೊಂದು ತುದಿಯ ಮೂಢನಂಬಿಕೆಯೂ ನನ್ನನ್ನು ಕಾಡುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡರೂ ವಾಚು 72 ಎಂದು ತೋರಿಸಬಹುದು. ಎದೆ ನೋವು ಬಂದಾಗ ಅದನ್ನು ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಟಾರ್ಚಿನ ಮೇಲೆ ಬೆರಳಿಟ್ಟು ನೋಡಿದ ಮೇಲೆ ಹಿರಿಯರು ರಾತ್ರಿಯೂ ವಾಚು ಕಟ್ಟಿಕೊಂಡು ಮಲಗಿದರು. ಮರುದಿನ ಏರಿಯ ಮೇಲೆ ಗಾಬರಿಯಿಂದ ಬಂದು ಕೇಳಿದರು: "ರಾತ್ರಿ ಮೂರಕ್ಕೆ 56 ತೋರ್ಸೇತಿ, ಏನ್ರಿ ಇದು?" ನಿದ್ದೆಯಲ್ಲಿ ಹೃದಯವೂ ನಿಧಾನವಾಗುತ್ತದೆ, ಆಗ ಅರವತ್ತಕ್ಕಿಂತ ಕೆಳಗಿಳಿಯುವುದು ಸಾಮಾನ್ಯ ಎಂದೆ. ತಲೆ ಸುತ್ತು, ಸುಸ್ತು ಏನಾದರೂ ಇದೆಯಾ ಎಂದು ಕೇಳಿದೆ. ಇಲ್ಲವೆಂದು, ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿಕೊಂಡು ಎರಡನೇ ಸುತ್ತಿಗೆ ಹೊರಟರು.