ಓದುಗರ ಪ್ರಶ್ನೆ: ದೊಡ್ಡ ಮಾನ್‌ಸ್ಟರ್ ಎರಡೇ ಸುತ್ತಿಗೆ ಸತ್ತುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸುತ್ತಾ ಕಥೆಯ ಪಾತ್ರಗಳಾಗಿ ಆಡುವ ಆಟ) ಐದನೇ ಆವೃತ್ತಿ ಆಡಿಸುತ್ತೇನೆ. ಐದು ಜನ ಆಟಗಾರರು, ಎಲ್ಲರೂ ಮೂರನೇ ಲೆವೆಲ್. ಕಥೆಯ ಮುಖ್ಯ ಖಳ ಅಂತ ಒಂದು ಓಗರ್ (ದೈತ್ಯ ರಾಕ್ಷಸ) ಇಟ್ಟಿದ್ದೆ. ಎರಡೇ ಸುತ್ತಿಗೆ ಮಲಗಿಬಿಟ್ಟಿತು. ಮುಂದಿನ ಸಲ ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯಬಲ್ಲದು ಅನ್ನುವ ಅಂಕ) ಡಬಲ್ ಮಾಡಿದರೆ ಸಾಕಾ?

ಉತ್ತರ: ಸಾಲದು. ಕಾಳಗ ಉದ್ದವಾಗುತ್ತದೆ, ಅಷ್ಟೇ. 2014ರ ನಿಯಮದಲ್ಲಿ ಓಗರ್‌ಗೆ 59 ಹಿಟ್ ಪಾಯಿಂಟ್. ಅದನ್ನು 118 ಮಾಡಿದರೂ ಅದು ಮಾಡುವುದು ಅದೇ ಕೆಲಸ: ತನ್ನ ಸರದಿ ಬಂದಾಗ ಒಮ್ಮೆ ದೊಣ್ಣೆ ಬೀಸುವುದು. ನಿಮ್ಮ ಆಟಗಾರರು ಅದನ್ನು ಮರ ಕಡಿದ ಹಾಗೆ ಕಡಿಯುತ್ತಾ ಕೂರುತ್ತಾರೆ.

ಆರ್ಮರ್ ಕ್ಲಾಸ್ (ಏಟು ತಗಲಲು ದಾಳಿ ಮುಟ್ಟಬೇಕಾದ ಅಂಕ) ಏರಿಸೋಣ ಅಂತ ಅನ್ನಿಸಬಹುದು. ದಾಳಿಗೆ ಇಪ್ಪತ್ತು ಮುಖದ ದಾಳ ಉರುಳಿಸಿ 5 ಸೇರಿಸುವವರಿಗೆ 11ರ ಆರ್ಮರ್ ಕ್ಲಾಸ್ ಎದುರು ನೂರಕ್ಕೆ 75 ಏಟು ತಗಲುತ್ತವೆ. 16 ಮಾಡಿದರೆ 50ಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ ಸರಿ, ಆದರೆ ತನ್ನ ಸರದಿಗೆ ಕಾದು ಕೂತವರಿಗೆ ಏಟು ತಪ್ಪುವಷ್ಟು ಬೇಜಾರು ಬೇರೆ ಇಲ್ಲ.

ಇನ್ನು ಏಟಿನ ಜೋರು. ಇದರಲ್ಲಿ ಹುಷಾರಾಗಿರಬೇಕು. ಓಗರ್ ದೊಣ್ಣೆಯ ಸರಾಸರಿ ಏಟು 13. ಡಬಲ್ ಮಾಡಿ, ಮೇಲೆ ಕ್ರಿಟಿಕಲ್ (ದಾಳದಲ್ಲಿ 20 ಬಿದ್ದು ಏಟಿನ ದಾಳಗಳು ಎರಡರಷ್ಟಾಗುವುದು) ಬಿತ್ತು ಅಂದುಕೊಳ್ಳಿ. ಸರಾಸರಿ 44. ಮೂರನೇ ಲೆವೆಲ್ ವಿಝರ್ಡ್‌ಗೆ (ಮಂತ್ರವಾದಿ ಪಾತ್ರ) ಸಾಮಾನ್ಯವಾಗಿ 17ರ ಆಸುಪಾಸು ಹಿಟ್ ಪಾಯಿಂಟ್. ಸೊನ್ನೆಗಿಳಿದ ಮೇಲೂ ಉಳಿದ ಏಟು ಅವನ ಪೂರ್ತಿ ಹಿಟ್ ಪಾಯಿಂಟ್‌ನಷ್ಟಿದ್ದರೆ ಡೆತ್ ಸೇವ್ (ಬದುಕುಳಿಯಲು ಉರುಳಿಸುವ ದಾಳ) ಕೂಡ ಇಲ್ಲ, ಪಾತ್ರ ಅಲ್ಲೇ ಸತ್ತಂತೆ.

ಅಸಲಿ ತೊಂದರೆ ಸರದಿಯದು. ಒಂದು ಸುತ್ತಿನಲ್ಲಿ ಅವರದು ಐದು ಸರದಿ, ಓಗರ್‌ದು ಒಂದು. ಒಂದು ಸೇವಿಂಗ್ ಥ್ರೋ (ಮಂತ್ರದಂಥ ಹೊಡೆತದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಸೋತು ಆ ಸರದಿಯೂ ಕೈತಪ್ಪಿದರೆ ನಿಮ್ಮ ಖಳ ಸುಮ್ನೆ ನಿಂತ ಗೊಂಬೆ. ಈ ಆಟದ ದೊಡ್ಡ ಮಾನ್‌ಸ್ಟರ್‌ಗಳನ್ನೇ ನೋಡಿ. ವಯಸ್ಕ ಕೆಂಪು ಡ್ರ್ಯಾಗನ್‌ಗೆ 256 ಹಿಟ್ ಪಾಯಿಂಟ್ ಇದೆ, ನಿಜ. ಆದರೆ ಅದಕ್ಕೆ ಪ್ರತಿ ಸುತ್ತಿಗೂ ಮೂರು ಲೆಜೆಂಡರಿ ಆಕ್ಷನ್ ಇವೆ. ಬೇರೆಯವರ ಸರದಿ ಮುಗಿದ ತಕ್ಷಣ ಅದು ಬಾಲ ಬೀಸುತ್ತದೆ. ದಿನಕ್ಕೆ ಮೂರು ಸಲ, ಸೋತ ಸೇವಿಂಗ್ ಥ್ರೋವನ್ನು ಗೆದ್ದಂತೆ ಮಾಡಿಕೊಳ್ಳುತ್ತದೆ, ಅದೇ ಲೆಜೆಂಡರಿ ರೆಸಿಸ್ಟೆನ್ಸ್. ಆಟಗಾರರು ಹೆದರುವುದು ಇದಕ್ಕೆ.

ನಿಮ್ಮ ಓಗರ್‌ಗೂ ಇದರದ್ದೇ ಸಣ್ಣ ರೂಪ ಕೊಡಿ. ಸುತ್ತಿಗೆ ಎರಡು ಸಲ, ಯಾರದಾದರೂ ಸರದಿ ಮುಗಿದಾಗ, ಅದು ಹತ್ತಿರದವರನ್ನು 10 ಅಡಿ ಹಿಂದಕ್ಕೆ ತಳ್ಳಲಿ, ಇಲ್ಲವೇ ಅರ್ಧ ವೇಗದಲ್ಲಿ ಜಾಗ ಬದಲಿಸಲಿ. ದೊಣ್ಣೆ ಏಟನ್ನೇ ಮತ್ತೆ ಕೊಡಬೇಡಿ, ಮೇಲೆ ಹೇಳಿದ ವಿಝರ್ಡ್‌ನ ಗತಿ ನೆನಪಿರಲಿ. ದಿನಕ್ಕೆ ಒಂದು ಲೆಜೆಂಡರಿ ರೆಸಿಸ್ಟೆನ್ಸ್ ಸಾಕು. ಮೂರು ಕೊಟ್ಟರೆ ಈ ಲೆವೆಲ್‌ನ ಮಂತ್ರ ಹಾಕುವವರಿಗೆ ಮಾಡಲು ಏನೂ ಉಳಿಯುವುದಿಲ್ಲ.

2008ರ ನಾಲ್ಕನೇ ಆವೃತ್ತಿಯಿಂದಲೂ ಒಂದು ಉಪಾಯ ಎತ್ತಿಕೊಳ್ಳಬಹುದು. ಹಿಟ್ ಪಾಯಿಂಟ್ ಅರ್ಧಕ್ಕಿಳಿದರೆ ಅಲ್ಲಿ ಮಾನ್‌ಸ್ಟರ್ 'ಬ್ಲಡೀಡ್' ಆಗುತ್ತಿತ್ತು, ಕೆಲವು ಆಗ ಇನ್ನೂ ಕೆರಳುತ್ತಿದ್ದವು. ನಿಮ್ಮ ಓಗರ್ ಆ ಹೊತ್ತಿಗೆ ಕಂಬ ಕಿತ್ತು ಚಾವಣಿ ಬೀಳಿಸಲಿ. ಕಂಬ ಬಿರುಕು ಬಿಟ್ಟಿದೆ ಅಂತ ಮೊದಲೇ ವರ್ಣಿಸಿರಬೇಕು, ಇಲ್ಲದಿದ್ದರೆ ಮೋಸ ಅನ್ನಿಸುತ್ತದೆ, ಅಲ್ವಾ?

ಇಷ್ಟೆಲ್ಲ ಬೇಡ ಅಂದರೆ ನಾಲ್ಕು ಗಾಬ್ಲಿನ್ (ಪುಟ್ಟ ಮಾನ್‌ಸ್ಟರ್) ಸೇರಿಸಿ. ಒಂದೊಂದಕ್ಕೆ 7 ಹಿಟ್ ಪಾಯಿಂಟ್ ಮಾತ್ರ, ಆದರೆ ಬಾಣ ಬಿಟ್ಟು ಅದೇ ಸರದಿಯಲ್ಲಿ ಅಡಗಿಕೊಳ್ಳಬಲ್ಲವು. ಓಗರ್‌ನ ಮೇಲೆ ಬೀಳಬೇಕಿದ್ದ ಏಟುಗಳು ಅರ್ಧ ಅವುಗಳ ಪಾಲಾಗುತ್ತವೆ.

ಹಿಟ್ ಪಾಯಿಂಟ್ ಏರಿಸಲೇಬೇಕು ಅಂದರೆ ದಾರಿ ಪುಸ್ತಕದಲ್ಲೇ ಇದೆ. 59 ಬರೀ ಸರಾಸರಿ. ಹತ್ತು ಮುಖದ ಏಳು ದಾಳ, ಜೊತೆಗೆ 21, ಅಂದರೆ 28ರಿಂದ 91ರವರೆಗೆ ಏನು ಬೇಕಾದರೂ ಇಡಬಹುದು. ಯಾವುದು ಅಂತ ಕಾಳಗಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಆಟದ ನಡುವೆ ಕದ್ದು ಏರಿಸುವುದು ನನಗಂತೂ ಇಷ್ಟವಿಲ್ಲ. ಆಟಗಾರರಲ್ಲಿ ಒಬ್ಬರಾದರೂ ಏಟಿನ ಲೆಕ್ಕ ಇಟ್ಟಿರುತ್ತಾರೆ.