ರಕ್ತ ತೊಳೆದ ಮಾತ್ರಕ್ಕೆ ವಿಷ ಹೋಗುತ್ತಾ?

ವಿಷ ಏರಿದವರನ್ನು ಆಸ್ಪತ್ರೆಗೆ ತಂದ ಕೂಡಲೇ ಮನೆಯವರು ಹೇಳುವುದು ಹೆಚ್ಚಾಗಿ ಒಂದೇ ಮಾತು: "ಡಾಕ್ಟ್ರೇ, ಡಯಾಲಿಸಿಸ್ ಮಾಡಿ ರಕ್ತ ಪೂರ್ತಿ ತೊಳೆದುಬಿಡಿ." ಈ ವಿಷಕ್ಕೆ ಅದು ಉಪಯೋಗವಿಲ್ಲ ಅಂದರೆ ನಾವು ಕೈಬಿಟ್ಟೆವು ಅಂದುಕೊಳ್ಳುತ್ತಾರೆ. ಜಗಳಕ್ಕೂ ನಿಲ್ಲುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ವಾದದಲ್ಲಿ ಕಳೆಯುವ ಹೊತ್ತು ರೋಗಿಯದು.

ಮಷೀನು ತೊಳೆಯುವುದು ರಕ್ತವನ್ನು ಮಾತ್ರ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ನಿಮಿಷಕ್ಕೆ 250 ಮಿಲಿಲೀಟರ್ ಎಳೆದರೂ 4 ಗಂಟೆಯಲ್ಲಿ 60 ಲೀಟರ್ ಫಿಲ್ಟರ್ ದಾಟುತ್ತದೆ. ಅಂದರೆ ಅದೇ ರಕ್ತ ಹನ್ನೆರಡು ಸಲ! ಇಷ್ಟು ತೊಳೆದ ಮೇಲೂ ವಿಷ ಉಳಿಯುತ್ತದಾ? ಉಳಿಯುತ್ತದೆ. ಎಷ್ಟೋ ವಿಷಗಳು ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲುವುದೇ ಇಲ್ಲ. ಕೊಬ್ಬು, ಸ್ನಾಯು, ನರಗಳಿಗೆ ಹೋಗಿ ಕೂತುಬಿಡುತ್ತವೆ. ಹೃದಯದ ಔಷಧಿ ಡಿಗಾಕ್ಸಿನ್ ಹೀಗೆಯೇ. ಮೈಗೆ ಸೇರಿದ್ದರಲ್ಲಿ ರಕ್ತದಲ್ಲಿ ಉಳಿಯುವುದು ಚೂರೇ ಚೂರು. ಅದಕ್ಕೆ ಪ್ರತಿವಿಷ ಬೇರೆಯೇ ಇದೆ. ಹಾವಿನ ವಿಷಕ್ಕೂ ಅಷ್ಟೇ. ಹಾವು ಕಚ್ಚಿದವರಿಗೆ ನಾವು ಡಯಾಲಿಸಿಸ್ ಮಾಡುವುದು ಕಿಡ್ನಿ ಕೆಟ್ಟಿದ್ದರೆ, ವಿಷ ತೆಗೆಯಲಿಕ್ಕಲ್ಲ.

ಮೆಥನಾಲ್ (ಕಳ್ಳಭಟ್ಟಿಯಲ್ಲಿ ಸೇರಿಕೊಳ್ಳುವ ವಿಷ), ಲಿಥಿಯಂ (ಮನಸ್ಸಿನ ಕಾಯಿಲೆಗೆ ಕೊಡುವ ಔಷಧಿ), ಆಸ್ಪಿರಿನ್, ಇಂಥ ಕೆಲವು ಮಿತಿಮೀರಿದಾಗ ಮಾತ್ರ ಈ ಮಷೀನು ನಿಜಕ್ಕೂ ಜೀವ ಉಳಿಸುತ್ತದೆ. 1913ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಏಬೆಲ್ ಮತ್ತು ಸಂಗಡಿಗರು ನಾಯಿಗಳ ರಕ್ತದಿಂದ ಸೋಸಿ ತೆಗೆದು ತೋರಿಸಿದ್ದೂ ಆಸ್ಪಿರಿನ್ ಬಳಗದ ಸ್ಯಾಲಿಸಿಲೇಟನ್ನೇ. ಕೆಲವು ಔಷಧಿಗಳಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಮೂಲಕ ರಕ್ತ ಹಾಯಿಸುವುದೂ ಉಂಟು.

ಕೆಲಸ ಮಾಡುವ ಕಡೆಯೂ ಒಂದೇ ಸಲಕ್ಕೆ ಮುಗಿಯುತ್ತದೆ ಅಂತಿಲ್ಲ. ವರ್ಷಗಟ್ಟಲೆ ಲಿಥಿಯಂ ಮಾತ್ರೆ ನುಂಗುತ್ತಿದ್ದ ತಾಯಿಯೊಬ್ಬರಿಗೆ ಭೇದಿಯಾಗಿ ಮೈಯ ನೀರೆಲ್ಲ ಹೋಗಿತ್ತು. ಕಿಡ್ನಿ ಸೋತು ಲಿಥಿಯಂ ಹೊರಹೋಗದೆ ಮೈಯಲ್ಲೇ ಏರಿತ್ತು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಡಯಾಲಿಸಿಸ್ ಮುಗಿದಾಗ ರಕ್ತದಲ್ಲಿ ಮಟ್ಟ ಚೆನ್ನಾಗಿ ಇಳಿದಿತ್ತು. "ಮನೆಗೆ ಕರ್ಕೊಂಡು ಹೋಗ್ಲಾ?" ಅಂದ ಮಗ. ಬೇಡ ಅಂದೆ. 6 ಗಂಟೆ ಬಿಟ್ಟು ನೋಡಿದರೆ ಮಟ್ಟ ಮತ್ತೆ ಮೇಲೆ! "ನರ್ಸಮ್ಮ ಮತ್ತೆ ಅದೇ ಮಾತ್ರೆ ಕೊಟ್ರಾ?" ಅಂತ ಅವನಿಗೆ ಅನುಮಾನ. ಬಣ್ಣ ಬಿಡುವ ಬಟ್ಟೆಯ ನೀರು ಚೆಲ್ಲಿ ಹೊಸ ನೀರು ಹಾಕಿದರೆ ಅದೂ ಬಣ್ಣವಾಗುತ್ತಲ್ಲ, ಇದೂ ಹಾಗೆಯೇ ಅಂದೆ. ಜೀವಕೋಶಗಳ ಒಳಗಿದ್ದ ಲಿಥಿಯಂ ನಿಧಾನಕ್ಕೆ ರಕ್ತಕ್ಕೆ ಇಳಿದು ಬಂದಿತ್ತು. ಇನ್ನೊಂದು ಸಲ ಮಷೀನಿಗೆ ಹಾಕಬೇಕಾಯಿತು. ನಾಲ್ಕನೇ ದಿನ ಆಕೆ ತಾನೇ ಲೋಟ ಹಿಡಿದು ನೀರು ಕುಡಿದರು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಯಾವ ವಿಷ, ಎಷ್ಟು, ಯಾವಾಗ, ಕಿಡ್ನಿ ಹೇಗಿದೆ, ಎಲ್ಲ ನೋಡಿಯೇ ತೀರ್ಮಾನ. ಡಯಾಲಿಸಿಸ್‌ಗೆ ಕುತ್ತಿಗೆಯ ಅಥವಾ ತೊಡೆಯ ರಕ್ತನಾಳಕ್ಕೆ ದಪ್ಪ ಕೊಳವೆ ಹಾಕಬೇಕು. ರಕ್ತಸ್ರಾವ, ಬಿಪಿ ಕುಸಿತ, ಸೋಂಕಿನ ಭಯ ಇದ್ದೇ ಇರುತ್ತದೆ. ಸುಮ್ನೆ ಮಾಡಿ ನೋಡೋಣ ಅನ್ನುವಂಥದ್ದಲ್ಲ ಇದು.

ಬರುವಾಗ ಖಾಲಿ ಬಾಟಲಿ, ಮಾತ್ರೆ ಪಟ್ಟಿ, ಲೇಬಲ್ಲು, ಏನಿದ್ದರೂ ತನ್ನಿ. ಅದನ್ನು ಹುಡುಕುತ್ತಾ ಮಾತ್ರ ತಡ ಮಾಡಬೇಡಿ, ಹಿಂದಿನಿಂದ ಯಾರಾದರೂ ಫೋಟೋ ಕಳಿಸಿದರೂ ಸಾಕು. ಎಷ್ಟು ಹೊತ್ತಿಗೆ ಆಯಿತು ಅನ್ನುವುದನ್ನು ಮುಚ್ಚಿಡದೆ ಹೇಳಿ.